ಕಾರುಗಳು ಕೈಬಿಟ್ಟ ಊರು

ಹೊನ್ನೇಕಣಿವೆಗೆ ಕಾರುಗಳು ಬರುವುದನ್ನು ಯಾವತ್ತು ನಿಲ್ಲಿಸಿದವು ಎಂದು ಖಚಿತವಾಗಿ ಹೇಳಬಲ್ಲವರು ಆ ಊರಿನಲ್ಲೂ ಇರಲಿಲ್ಲ, ಆ ಕಾರುಗಳನ್ನು ಮಾಡಿದ ಕಂಪನಿಯಲ್ಲೂ ಇರಲಿಲ್ಲ. ಮೊದಲು ಕರೆದರೆ ತಡವಾಗಿ ಬಂದವು. ಆಮೇಲೆ ಬೆಟ್ಟದ ಬುಡದವರೆಗೆ ಬಂದು, ಹತ್ತುವವರನ್ನು ಅಲ್ಲಿಗೇ ಇಳಿದು ಬರಹೇಳಿದವು. ಕೊನೆಗೆ ಯಾರು ಕರೆದರೂ ಒಂದು ಹೆಣ್ಣುದನಿ ಬಲು ಮರ್ಯಾದೆಯಿಂದ, "ಕ್ಷಮಿಸಿ, ಈ ಸ್ಥಳಕ್ಕೆ ಸದ್ಯ ಸೇವೆ ಲಭ್ಯವಿಲ್ಲ" ಎನ್ನತೊಡಗಿತು. ಆ 'ಸದ್ಯ' ಮುಗಿಯಲೇ ಇಲ್ಲ.

ಹೊನ್ನೇಕಣಿವೆ ಇರುವುದು ಸಂಡೂರಿನ ಬೆಟ್ಟಸಾಲಿನಲ್ಲಿ. ಅದಿರಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಲಾರಿಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲವಂತೆ. ಗಣಿ ಮುಚ್ಚಿದ ಮೇಲೆ ಕೆಲಸಗಾರರ ಕ್ವಾರ್ಟರ್ಸ್‌ನಲ್ಲಿ ಹತ್ತಿಪ್ಪತ್ತು ಮನೆಗಳಷ್ಟೇ ಉಳಿದವು. ಗೋಡೆ, ಮರ, ನಾಯಿ, ಒಣಗಲು ಹಾಕಿದ ಬಿಳಿ ಬಟ್ಟೆ, ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಆ ಮನೆಗಳಲ್ಲೊಂದರಲ್ಲಿ ಶಮ್ಶಾದ್ ಇದ್ದಳು. ಒಂದು ಕಾಲದಲ್ಲಿ ಗಣಿಯ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷೆ ಮಾಡುತ್ತಿದ್ದವಳು. ಈಗ ಅವಳ ಎರಡೂ ಮೂತ್ರಪಿಂಡಗಳು ಸೋತಿದ್ದವು. ವಾರಕ್ಕೆರಡು ಸಲ ಹೊಸಪೇಟೆಯ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಿತ್ತು.

ಅವಳು ಇದನ್ನೆಲ್ಲ ಹೇಳಿಕೊಳ್ಳುತ್ತಿದ್ದುದು ಒಬ್ಬಳ ಹತ್ತಿರ ಮಾತ್ರ. ಬಳ್ಳಾರಿಯ ಪಾಲಿಟೆಕ್ನಿಕ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ ಮಂದಾಕಿನಿಯ ಹತ್ತಿರ. ಮಂದಾಕಿನಿ ತುಮಕೂರಿನಾಚೆಯ ಕಾರು ಕಂಪನಿಯಲ್ಲಿ ಎಂಜಿನಿಯರು. ಮದುವೆಯಾಗಿರಲಿಲ್ಲ, ಒಬ್ಬಳೇ ಇದ್ದಳು. ಭಾನುವಾರ ಬೆಳಗ್ಗೆ ಇಬ್ಬರೂ ಫೋನಿನಲ್ಲಿ ಮಾತಾಡುವುದು ಎಷ್ಟೋ ವರ್ಷಗಳಿಂದ ನಡೆದುಬಂದಿತ್ತು. ಬೆಟ್ಟದ ಮೇಲೆ ಸಿಗ್ನಲ್ ಸಿಗುವುದು ಹಳೆಯ ನೀರಿನ ಟಾಕಿಯ ಹತ್ತಿರ ಮಾತ್ರ. ಶಮ್ಶಾದ್ ಅಲ್ಲಿಯವರೆಗೆ ನಡೆದು ಬಂದು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದಳು.

ಆ ಭಾನುವಾರ ಅವಳ ದನಿ ಸೋತಿತ್ತು.

"ಹೋದ ವಾರ ಒಂದು ಸಲಾನೂ ಹೋಗಿಲ್ಲವ್ವ ಮಂದಾ. ಗಾಡಿ ಬರವಲ್ದು. ಅದರ ಹಿಂದಿನ ವಾರ ಟ್ರ್ಯಾಕ್ಟರ್‌ನಾಗ ಒಮ್ಮೆ ಹೋಗಿದ್ದೆ, ಮೈಯೆಲ್ಲ ಪುಡಿ ಆತು."

"ಗಾಡಿ ಬರವಲ್ದು ಅಂದ್ರೇನು? ಕಂಪ್ಲೇಂಟ್ ಕೊಟ್ಯೇನು?"

"ಕೊಟ್ಟೀವಿ. ದಿನಾ ಕೊಡ್ತೀವಿ. ಥ್ಯಾಂಕ್ಸ್ ಅಂತೈತಿ." ಶಮ್ಶಾದ್ ದನಿ ತಗ್ಗಿಸಿದಳು. "ಯಂಕೋಬಣ್ಣ ಹೋಗಿಬಿಟ್ಟ. ನಿನಗ ಹೇಳಿದ್ನಲ್ಲ, ಡ್ರಿಲ್ಲಿಂಗ್‌ನಾಗ ಇದ್ದಾವ, ನಮ್ಮ ಎದುರುಮನಿ. ಎದಿ ಹಿಡಕೊಂತು. ಆಂಬುಲೆನ್ಸ್ ಬಂತು, ಬುಡದಾಗ ನಿಂತು ವಾಪಸ್ ಹೋತು. ನಾವು ಹೊರಸಿನ ಮ್ಯಾಲೆ ಹೊತ್ಕೊಂಡು ಇಳಿಸೋ ಹೊತ್ತಿಗೆ..."

ಮಂದಾಕಿನಿಯ ಕೈಯಲ್ಲಿದ್ದ ಕಾಫಿ ತಣ್ಣಗಾಗಿತ್ತು. ಆಂಬುಲೆನ್ಸ್ ಕೂಡ ಅವಳ ಕಂಪನಿಯದೇ ಮಿದುಳಿನಿಂದ ನಡೆಯುವ ಗಾಡಿ.

ಆ ಹೊತ್ತಿಗೆ ನಾಡಿನಲ್ಲಿ ಸ್ಟೇರಿಂಗ್ ಇರುವ ಕಾರುಗಳೇ ಅಪರೂಪವಾಗಿದ್ದವು. ಬಸ್ಸುಗಳು ಹೆದ್ದಾರಿ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಊರೂರಿಗೆ ಹೋಗುತ್ತಿದ್ದುದು ಕರೆದರೆ ಬರುವ, ತಾನೇ ಓಡುವ ಕಾರು. ಅದರ ಮೈ ಒಂದು ಸಲ ಕಾರ್ಖಾನೆಯಿಂದ ಹೊರಬಿದ್ದರೆ ಹತ್ತು ಹದಿನೈದು ವರ್ಷ ಹಾಗೇ ಇರುತ್ತಿತ್ತು. ಅದನ್ನು ನಡೆಸುವ ಸಾಫ್ಟ್‌ವೇರು, ಅದರ ಮಿದುಳು ಮಾತ್ರ ಎರಡು ವಾರಕ್ಕೊಮ್ಮೆ ಹೊಸದಾಗುತ್ತಿತ್ತು.

ಹಿಂದೆ ಹೀಗಿರಲಿಲ್ಲ. ಮಂದಾಕಿನಿ ಕೆಲಸಕ್ಕೆ ಸೇರಿದಾಗ ಒಂದು ಕಾರು ನಕ್ಷೆಯಿಂದ ರಸ್ತೆಗೆ ಬರಲು ಐದು ವರ್ಷ ಹಿಡಿಯುತ್ತಿತ್ತು. ಬ್ರೇಕಿನವರು, ಬ್ಯಾಟರಿಯವರು, ಚಕ್ರದವರು ತಮ್ಮ ತಮ್ಮ ಪಾಲನ್ನು ತಂದು ಒಪ್ಪಿಸಿದ ಮೇಲೆ ಅವಳಿದ್ದ ಸಮಗ್ರ ಪರೀಕ್ಷಾ ವಿಭಾಗ ಇಡೀ ಕಾರನ್ನು ತಿಂಗಳುಗಟ್ಟಲೆ ಓಡಿಸಿ, ಬಿಸಿಲು ಮಳೆ ಧೂಳಿನಲ್ಲಿ ನಿಲ್ಲಿಸಿ, 'ಆಗಬಹುದು' ಎಂದು ಸಹಿ ಹಾಕಬೇಕಿತ್ತು. ಒಂದು ತಪ್ಪು ಕಂಡರೆ ತಿದ್ದಲು ವರ್ಷ ಬೇಕಾಗುತ್ತಿತ್ತು. ಹಾಗೆ ತಡವಾದ ಒಂದು ಬ್ರೇಕಿನ ತಪ್ಪಿಗೆ ಜನ ಸತ್ತದ್ದೂ ಉಂಟು. ಅದಾದ ಮೇಲೆಯೇ ಕಂಪನಿ ಸಾಫ್ಟ್‌ವೇರಿನವರ ಅಜೈಲ್ ಪದ್ಧತಿಯನ್ನು ತಂದುಕೊಂಡದ್ದು. ಇಡೀ ಕಾರಿನ ಕೆಲಸವನ್ನು ಚೂರು ಚೂರು ಮಾಡಿ ಸಣ್ಣ ಸಣ್ಣ ತಂಡಗಳಿಗೆ ಹಂಚಿದರು. ಎರಡು ವಾರಕ್ಕೊಂದು ಓಟ. ಅದರ ಹೆಸರು ಸ್ಪ್ರಿಂಟ್. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಕಾರ್ಡು ಹಲಗೆಯ ಎಡಗಡೆಯಿಂದ ಬಲಗಡೆಯ 'ಮುಗಿಯಿತು' ಎಂಬ ಸಾಲಿಗೆ ದಾಟಿದರೆ ಆ ಬದಲಾವಣೆ ಲಕ್ಷಾಂತರ ಕಾರುಗಳಿಗೆ ತಂತಿಯಿಲ್ಲದೆ ಗಾಳಿಯಲ್ಲೇ ತಲುಪುತ್ತಿತ್ತು. ಬ್ರೇಕಿನ ತಪ್ಪು ಈಗ ಕಂಡ ವಾರದಲ್ಲೇ ಸರಿಯಾಗುತ್ತಿತ್ತು. ಅದನ್ನು ಮಂದಾಕಿನಿಯೂ ಮೆಚ್ಚಿದ್ದಳು. ಆದರೆ ಎರಡು ವಾರದಲ್ಲಿ ಇಡೀ ಕಾರನ್ನು ಯಾರು ಪರೀಕ್ಷಿಸುವುದು? ಪ್ರತಿ ತಂಡವೂ ತನ್ನ ಪಾಲನ್ನು ತಾನೇ ಪರೀಕ್ಷಿಸಿಕೊಳ್ಳತೊಡಗಿತು. ಅವಳ ವಿಭಾಗದವರು ಒಬ್ಬೊಬ್ಬರಾಗಿ ಬೇರೆ ಬೇರೆ ತಂಡಗಳಿಗೆ ಹೋದರು. ನಿವೃತ್ತಿಗೆ ಹತ್ತಿರವಿದ್ದ ಅವಳನ್ನು ಯಾವ ತಂಡವೂ ಕೇಳಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ. ಉದ್ದನೆಯ ಹಾಲಿನಲ್ಲಿ ಪರೀಕ್ಷಾ ಮೇಜುಗಳ ನಡುವೆ ಅವಳೊಬ್ಬಳು ಉಳಿದಳು.

ಸೋಮವಾರ ಅವಳು ಒಂದು ಮೇಜಿನ ಮೇಲಿನ ಹೊದಿಕೆ ತೆಗೆದಳು. ಅಲ್ಲಿದ್ದುದು ಮೈಯಿಲ್ಲದ ಕಾರು. ಮಿದುಳು, ತಂತಿಗಳು, ಕ್ಯಾಮರಾಗಳ ಜಾಗಕ್ಕೆ ಚಿತ್ರ ಉಣಿಸುವ ಒಂದು ಯಂತ್ರ. ಅದಕ್ಕೆ ತಾನು ಹೊಸಪೇಟೆಯಲ್ಲಿ ನಿಂತಿದ್ದೇನೆ ಎಂಬ ಭ್ರಮೆ ಹುಟ್ಟಿಸಿ, ಹೊನ್ನೇಕಣಿವೆಗೆ ಹೋಗು ಎಂದಳು. ಅದು ಒಲ್ಲೆನೆಂದಿತು. ಇತ್ತೀಚಿನ ಬದಲಾವಣೆಯನ್ನು ಕಳಚಿ ಮತ್ತೆ ಕೇಳಿದಳು. ಆಗಲೂ ಒಲ್ಲೆನೆಂದಿತು. ಅದರ ಹಿಂದಿನದನ್ನು ಕಳಚಿದಳು. ಹೀಗೆ ಈರುಳ್ಳಿ ಸುಲಿದಂತೆ ಪದರ ಪದರವಾಗಿ ಬಿಚ್ಚುತ್ತ ಹೋದಾಗ ಸಂಜೆಯ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು.

ದಾರಿ ಆಯುವಾಗ ಕಾರು ಪ್ರತಿ ದಾರಿಗೂ ಅದರ ತೊಂದರೆಗೆ ತಕ್ಕಂತೆ ಒಂದು ತೂಕ ಹಾಕುತ್ತಿತ್ತು. ತೂಕ ಒಂದು ಮಿತಿ ದಾಟಿದರೆ ಆ ದಾರಿ ಬೇಡ. ಕ್ಯಾಮರಾ ತಂಡದವರು ಕೆಂಪು ಧೂಳು ಕಣ್ಣು ಮುಚ್ಚಿಸುತ್ತದೆಂದು ಅಂಥ ದಾರಿಗೆ ಒಂದಿಷ್ಟು ತೂಕ ಸೇರಿಸಿದ್ದರು. ಬ್ಯಾಟರಿಯವರು ಕಡಿದಾದ ಏರಿಗೆ ಒಂದಿಷ್ಟು. ಸಿಗ್ನಲ್ ತಂಡದವರು ಸಂಪರ್ಕ ತಪ್ಪುವ ಜಾಗಕ್ಕೆ. ಪ್ರಯಾಣಿಕರ ಸುಖ ನೋಡುವವರು ಕುಲುಕಾಟಕ್ಕೆ. ಒಂದೊಂದೂ ಸಾಸಿವೆಯಷ್ಟು, ಒಂದೊಂದೂ ನ್ಯಾಯವಾದದ್ದು. ಎಲ್ಲ ಕೂಡಿ ಹೊನ್ನೇಕಣಿವೆಯ ದಾರಿ ಮಿತಿಯ ಅಂಚಿಗೆ ಬಂದು, ಕಾರುಗಳು ಅತ್ತ ಹೋಗುವುದು ಕಡಿಮೆಯಾಯಿತು. ಕಾರುಗಳು ಹೋಗದಿದ್ದರೆ ಆ ರಸ್ತೆಯ ನಕ್ಷೆ ಹಳತಾಗುತ್ತದೆ. ಹಳೆಯ ನಕ್ಷೆಯನ್ನು ನಂಬಬಾರದೆಂದು ನಕ್ಷೆ ತಂಡದವರು ಅದಕ್ಕೂ ತೂಕ ಇಟ್ಟಿದ್ದರು. ಹೋಗದ್ದರಿಂದ ತೂಕ ಏರಿತು, ತೂಕ ಏರಿದ್ದರಿಂದ ಮತ್ತೆ ಯಾರೂ ಹೋಗಲಿಲ್ಲ.

ಯಾರೂ ಆ ಊರನ್ನು ಬಿಡಬೇಕೆಂದುಕೊಂಡಿರಲಿಲ್ಲ. ಬಹುಶಃ ಅಂಥದೊಂದು ಊರಿದೆ ಎಂದೇ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂದಾಕಿನಿ ಮೈಯಿಲ್ಲದ ಆ ಕಾರಿನ ಎದುರು ಬಹಳ ಹೊತ್ತು ಕೂತಳು. ಯಾರನ್ನಾದರೂ ಬಯ್ಯುವಂತಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಅವಳು ನಿಶ್ಚಲನ ಹತ್ತಿರ ಹೋದಳು. ತಂಡಗಳ ಕೆಲಸವನ್ನೆಲ್ಲ ಹೊಂದಿಸುವ ಹೊಣೆ ಅವನದು. ಮೂವತ್ತು ದಾಟಿದ, ಸದಾ ನಿಂತೇ ಇರುವ, ಯಾರ ಮಾತನ್ನೂ ಅರ್ಧಕ್ಕೆ ತಡೆಯದ ಹುಡುಗ. ಪೂರ್ತಿ ಕೇಳಿದ. ಯಂಕೋಬಣ್ಣನ ಸುದ್ದಿ ಬಂದಾಗ ಕುರ್ಚಿ ಎಳೆದುಕೊಂಡು ಕೂತ.

"ಮೇಡಂ, ನೀವು ಹೇಳ್ತಿರೋದು ಸರಿ ಇದೆ. ಆದ್ರೆ ನಾನು ಯಾವ ತಂಡಕ್ಕೆ ಕೊಡ್ಲಿ ಇದನ್ನ? ಯಾರ ಕಾರ್ಡೂ ತಪ್ಪಿಲ್ಲ."

"ಯಾರ ಕಾರ್ಡೂ ತಪ್ಪಿಲ್ಲ, ಆದ್ರೆ ಕಾರು ತಪ್ಪಿದೆ ನಿಶ್ಚಲ್. ಧೂಳಿನ ತೂಕ ತೆಗೆಸಿ."

"ಹೇಗೆ ತೆಗೆಸ್ಲಿ? ಹೋದ ವರ್ಷ ಧೂಳಿಂದಾನೇ ಒಂದು ಗಾಡಿ ಕಾಲುವೆಗೆ ಬಿತ್ತು, ಒಂದು ಕುಟುಂಬ ಇತ್ತು ಒಳಗೆ. ಅದಾದ್ಮೇಲೆ ಹಾಕಿದ್ದು ಅದು."

"ಹಾಗಾದ್ರೆ ಮಿತಿನೇ ಏರಿಸಿ."

"ಏರಿಸಿದ್ರೆ ನಿಜವಾಗ್ಲೂ ಹೋಗಬಾರದ ದಾರಿಗಳಿಗೂ ನುಗ್ಗುತ್ವೆ. ಅದಕ್ಕೆ ಸುರಕ್ಷಾ ಮಂಡಳಿ ಒಪ್ಪಿಗೆ ಬೇಕು. ತಿಂಗಳುಗಟ್ಟಲೆ ಆಗುತ್ತೆ, ನಿಮಗೇ ಗೊತ್ತು." ಅವನು ಕಣ್ಣು ಉಜ್ಜಿಕೊಂಡ. "ಒಂದು ಕಾರ್ಡ್ ಬರೆದು ಹಾಕ್ತೀನಿ. ಮುಂದಿನ ದೊಡ್ಡ ಯೋಜನಾ ಸಭೇಲಿ ಎತ್ತೋಣ. ಮಳೆಗಾಲ ಮುಗಿದ ಮೇಲೆ."

"ಅಷ್ಟೊತ್ತಿಗೆ ಅವಳು ಇರಲ್ಲ."

ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಅವಳಿಗೂ ಹೊಳೆಯುತ್ತಿರಲಿಲ್ಲ. ಗೆಳತಿ ಎಂದರೆ ಸಾಲದು, ಸಂಬಂಧಿಕಳು ಎಂದರೆ ಸುಳ್ಳು.

ತನ್ನ ಹಾಲಿಗೆ ಮರಳಿ ಕೂತಾಗ ಒಂದು ವಿಷಯ ಅವಳ ತಲೆಗೆ ಬಂತು. ಧೂಳು, ಏರು, ಸಿಗ್ನಲ್, ಕುಲುಕಾಟ, ಇವನ್ನು ಯಾರೂ ತಗ್ಗಿಸುವಂತಿಲ್ಲ. ತಗ್ಗಿಸಬಹುದಾದ್ದು ಒಂದೇ, ನಕ್ಷೆ ಹಳತಾದದ್ದಕ್ಕೆ ಬಿದ್ದ ತೂಕ. ಒಂದು ಕಾರು ಆ ದಾರಿಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹವೆಯಲ್ಲಿ ಹಲವು ಸಲ ಓಡಾಡಿದರೆ ನಕ್ಷೆ ತಾನಾಗಿ ಹೊಸದಾಗುತ್ತದೆ. ತೂಕ ಮಿತಿಯ ಕೆಳಗಿಳಿಯುತ್ತದೆ. ಆದರೆ ತಾನಾಗಿ ಓಡುವ ಕಾರು ಅತ್ತ ಹೋಗುವುದಿಲ್ಲ. ಹೋಗಬೇಕೆಂದರೆ ಮನುಷ್ಯರು ಓಡಿಸಿಕೊಂಡು ಹೋಗಬೇಕು.

ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಒಂದು ಹಳೆಯ ಗಾಡಿಯಿತ್ತು. ಎಲ್ಲ ಕ್ಯಾಮರಾಗಳೂ ಇದ್ದು, ಸ್ಟೇರಿಂಗೂ ಬ್ರೇಕಿನ ಪೆಡಲೂ ಉಳಿದಿದ್ದ ಗಾಡಿ. ಮಂದಾಕಿನಿಯ ಲೈಸೆನ್ಸು ಇನ್ನೂ ಊರ್ಜಿತವಾಗಿತ್ತು. ಕೂಡಿಟ್ಟ ರಜೆ ಬೇಕಾದಷ್ಟಿತ್ತು, ತೆಗೆದುಕೊಂಡು ಹೋಗುವ ಜಾಗವಿರಲಿಲ್ಲ ಅಷ್ಟೆ. 'ರಸ್ತೆ ಪರೀಕ್ಷೆ' ಎಂದು ಗಾಡಿಗೂ ರಜೆಗೂ ಒಟ್ಟಿಗೇ ಅರ್ಜಿ ಹಾಕಿದಳು. ನಿಶ್ಚಲ ಏನೂ ಕೇಳದೆ ಒಪ್ಪಿಗೆ ಕೊಟ್ಟ.

ಹೆದ್ದಾರಿಯಲ್ಲಿ ಅವಳಿಗೆ ನಾಚಿಕೆಯಾಗುವಷ್ಟು ಭಯವಾಯಿತು. ಸುತ್ತಲಿನ ಕಾರುಗಳು ಒಂದೇ ಅಂತರ ಕಾಯ್ದುಕೊಂಡು ಹರಿಯುತ್ತಿದ್ದವು. ಇವಳದು ಮಾತ್ರ ಒಮ್ಮೆ ಅತ್ತ ಒಮ್ಮೆ ಇತ್ತ ಹೊಯ್ದಾಡುತ್ತಿತ್ತು. ಒಳಗಿದ್ದವರು ಮೊಬೈಲಿನಿಂದ ತಲೆಯೆತ್ತಿ, ಸ್ಟೇರಿಂಗ್ ಹಿಡಿದ ನರೆಗೂದಲಿನ ಹೆಂಗಸನ್ನು ನೋಡುತ್ತಿದ್ದರು. ಚಿತ್ರದುರ್ಗ ದಾಟುವ ಹೊತ್ತಿಗೆ ಕೈ ಹಿಡಿತಕ್ಕೆ ಬಂತು. ಕೂಡ್ಲಿಗಿಯ ಹತ್ತಿರ ಹಾಡು ಗುನುಗುತ್ತಿದ್ದುದು ಅವಳಿಗೇ ಕೇಳಿಸಿ ಸುಮ್ಮನಾದಳು. ಸಂಡೂರು ಬಿಟ್ಟು ಬೆಟ್ಟದ ಬುಡಕ್ಕೆ ಬಂದಾಗ ಗಾಡಿಯ ಪರದೆ ಮೇಲೆ ಎಚ್ಚರಿಕೆ ಮೂಡಿತು. ಅದನ್ನು ಆರಿಸಿ, ವೇಗ ಇಳಿಸಿ ಹತ್ತಿಸಿದಳು. ಹೊತ್ತು ಇಳಿಯುತ್ತಿತ್ತು. ಧೂಳು ಬೆಂಕಿಯಂತೆ ಹೊಳೆಯುತ್ತಿತ್ತು, ಮುಂದಿನ ತಿರುವು ಕಾಣಿಸುತ್ತಿರಲಿಲ್ಲ. ಕ್ಯಾಮರಾ ತಂಡದವರು ಹೇಳಿದ್ದು ನಿಜವೇ ಎಂದುಕೊಂಡಳು.

ಸದ್ದು ಕೇಳಿ ಜನ ಮನೆಯಿಂದ ಹೊರಗೆ ಬಂದಿದ್ದರು. ಶಮ್ಶಾದ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಊದಿಕೊಂಡಿತ್ತು, ಕಾಲುಗಳು ಕಂಬದಂತಾಗಿದ್ದವು. ಮಂದಾಕಿನಿಯನ್ನು ನೋಡಿ ಅವಳಾಡಿದ ಮೊದಲ ಮಾತು, "ಒಬ್ಬಾಕೀನ ಓಡಿಸ್ಕೊಂಡು ಬಂದ್ಯಾ?"

"ಒಬ್ಬಾಕೀನ."

"ಹುಚ್ಚಿ ಅದೀ ನೋಡು ನೀನು" ಎಂದು ಅವಳು ಅತ್ತಳು.

ಮರುದಿನ ಬೆಳಕು ಹರಿಯುತ್ತಲೂ ಹೊಸಪೇಟೆಗೆ ಹೊರಟರು. ತಡವಾದದ್ದಕ್ಕೆ ಆಸ್ಪತ್ರೆಯ ಡಾಕ್ಟರು ಶಮ್ಶಾದಳನ್ನು ಗದರಿದರು. ಯಂತ್ರಕ್ಕೆ ಕೈಕೊಟ್ಟು ಮಲಗಿದ ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮಂದಾಕಿನಿ ಮಧ್ಯಾಹ್ನದವರೆಗೆ ಕೂತಳು. ಹಿಂತಿರುಗುವಾಗ ಶಮ್ಶಾದ್ ಹಿಂದಿನ ಸೀಟಿನಲ್ಲಿ ಮಗುವಿನಂತೆ ನಿದ್ದೆ ಹೋದಳು.

ಆಮೇಲಿನ ದಿನಗಳು ಮಂದಾಕಿನಿಗೆ ವಿಚಿತ್ರವೆನಿಸಿದವು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬೆಟ್ಟ ಇಳಿದು ಹತ್ತುತ್ತಿದ್ದಳು. ಯಾರಾದರೂ ಜೊತೆಗಿರುತ್ತಿದ್ದರು. ಸಂಡೂರಿನ ಸಂತೆಗೆ ಹೋಗುವವರು, ಹೆರಿಗೆಗೆ ತವರಿಗೆ ಬಂದವಳು, ಗ್ಯಾಸ್ ಸಿಲಿಂಡರ್ ತರುವವನು. ಯಂಕೋಬಣ್ಣನ ಹೆಂಡತಿ ತಿಪ್ಪಮ್ಮ ಗಂಡನ ಪಿಂಚಣಿಯ ಕೆಲಸಕ್ಕೆ ಒಂದು ದಿನ ಬಂದಳು. ಇಳಿಯುವಾಗ ಕೇಳಿದಳು.

"ಇದು ನಿಮ್ಮ ಕಂಪನೀದಾ, ಅಕ್ಕ?"

"ಹೌದವ್ವ."

ಅವಳು ತಲೆಯಾಡಿಸಿ ಹೋದಳು. ಬಯ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಮಂದಾಕಿನಿ.

ಮನೆಯಲ್ಲಿ ಇಬ್ಬರೂ ಒಲೆಯ ಮುಂದೆ ಕೂರುತ್ತಿದ್ದರು. ಶಮ್ಶಾದಳಿಗೆ ಉಪ್ಪು ಬೇಡ, ಹುಳಿ ಬೇಡ, ನೀರೂ ಅಳತೆಯಲ್ಲಿ. ಮಂದಾಕಿನಿ ಅವಳಿಗೆಂದು ಸಪ್ಪೆ ಮಾಡಿ, ತಾನೂ ಅದನ್ನೇ ಉಣ್ಣುತ್ತಿದ್ದಳು.

"ನೀನ್ಯಾಕ ಸಪ್ಪೆ ಉಣ್ತೀ? ಒಂದೀಟು ಚಟ್ನಿ ಹಾಕ್ಕೊ."

"ಅಲ್ಲೂ ಸಪ್ಪೆನ ಉಣ್ತೀನಿ. ಒಬ್ಬಾಕಿಗೆ ಏನು ಮಾಡೋದು."

"ಇಷ್ಟು ವರ್ಷ ಆತು, ಒಮ್ಮೆನೂ ಬಂದಿದ್ದಿಲ್ಲ ನೀನು. ಗಾಡಿ ಬರೋ ಕಾಲಕ್ಕೂ ಬರಲಿಲ್ಲ."

ಮಂದಾಕಿನಿ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. ಕರೆದರೆ ಬರುವ ಕಾರು ಇದೆಯಲ್ಲ, ಯಾವಾಗಲಾದರೂ ಹೋಗಬಹುದಲ್ಲ ಎಂದುಕೊಂಡೇ ವರ್ಷಗಳು ಹೋಗಿದ್ದವು.

ಪ್ರತಿದಿನ ಟಾಕಿಯ ಹತ್ತಿರ ಹೋಗಿ ಅವಳು ಫೋನಿನಲ್ಲಿ ದಾರಿಯ ತೂಕ ನೋಡುತ್ತಿದ್ದಳು. ಮೊದಲ ವಾರ ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಮಿತಿಯ ಹತ್ತಿರ ಬಂತು, ಇನ್ನೇನು ದಾಟಿತು ಎನ್ನುವಾಗ ಒಂದು ಬೆಳಗ್ಗೆ ನೋಡಿದರೆ ಮತ್ತೆ ಮೊದಲಿನಷ್ಟೇ ಏರಿ ಕೂತಿತ್ತು. ಹೊಸ ಸ್ಪ್ರಿಂಟ್ ಮುಗಿದಿತ್ತು. ಟೈರಿನ ತಂಡದವರು ಚೂಪು ಕಲ್ಲಿನ ರಸ್ತೆಗೆ ಒಂದಿಷ್ಟು ತೂಕ ಸೇರಿಸಿದ್ದರು.

ಕಟ್ಟೆಯ ಮೇಲೆ ನಿಂತೇ ನಿಶ್ಚಲನಿಗೆ ಫೋನ್ ಮಾಡಿದಳು.

"ಈ ಬದಲಾವಣೆ ವಾಪಸ್ ತಗೊಳ್ಳಿ."

"ಮೇಡಂ, ಅದೇ ಅಪ್‌ಡೇಟ್‌ನಲ್ಲಿ ಬ್ರೇಕಿನ ಒಂದು ದುರಸ್ತಿ ಇದೆ. ವಾಪಸ್ ತಗೊಂಡ್ರೆ ಅದೂ ಹೋಗುತ್ತೆ. ಹಳೇ ಮಾಡೆಲ್ ಗಾಡಿಗಳು ಇಳಿಜಾರಲ್ಲಿ ಜಾರ್ತಿವೆ."

"ನಾನು ಇಲ್ಲಿ ದಿನಾ ಎರಡು ಸಲ ಬೆಟ್ಟ ಹತ್ತುತಿದೀನಿ. ನೀವು ಎರಡು ವಾರಕ್ಕೊಮ್ಮೆ ಬೆಟ್ಟ ಎತ್ತರ ಮಾಡ್ತಿದೀರಿ."

ಅವನು ಮೆಲ್ಲಗೆ, "ಅಲ್ಲಿ ಎಷ್ಟು ಜನ ಇದಾರೆ ಮೇಡಂ?" ಎಂದು ಕೇಳಿದ.

"ಎಷ್ಟಿದ್ರೆ ಸಾಕು ನಿಮಗೆ?"

ಫೋನ್ ಇಟ್ಟ ಮೇಲೆ ಅವಳಿಗೆ ಪಶ್ಚಾತ್ತಾಪವಾಯಿತು. ಅವನು ಲೆಕ್ಕಕ್ಕಾಗಿ ಕೇಳಿದ್ದನೋ ಕಳಕಳಿಗಾಗಿ ಕೇಳಿದ್ದನೋ ಗೊತ್ತಾಗಲಿಲ್ಲ. ಕೆಳಗೆ ಕಣಿವೆಯಲ್ಲಿ ಬಗೆದು ಬಿಟ್ಟ ಗಣಿಯ ಹೊಂಡದಲ್ಲಿ ಹಸಿರು ನೀರು ನಿಂತಿತ್ತು. ಅದರ ದಂಡೆಯಲ್ಲಿ ಒಂದು ಜೀವವೂ ಇರಲಿಲ್ಲ. ಇಳಿದು ಹೋಗಿ ಗಾಡಿ ಹೊರಡಿಸಿದಳು. ಅವತ್ತು ಮೂರನೆಯ ಸಲವೂ ಹತ್ತಿದಳು. ಮರುದಿನ ಊರಿನವರು ಅವಳು ಕೇಳದೆಯೇ ಸಲಿಕೆ ಬುಟ್ಟಿ ಹಿಡಿದು ಬಂದು, ರಸ್ತೆಯ ಚೂಪು ಕಲ್ಲುಗಳನ್ನು ಆಯ್ದು ಬದಿಗೆ ಹಾಕತೊಡಗಿದರು. ಶಮ್ಶಾದ್ ಹೇಳಿದ್ದಳಂತೆ. ತಿಪ್ಪಮ್ಮನೂ ಇದ್ದಳು. ಗಾಡಿಯ ಕ್ಯಾಮರಾಗಳು ಆ ಬದಲಾದ ರಸ್ತೆಯನ್ನು ನೋಡಿಕೊಂಡವು.

ಮಳೆ ಶುರುವಾಗಿ ಧೂಳು ಅಡಗಿದ ಮೇಲೆ ತೂಕ ಮಿತಿಯ ಕೆಳಗೆ ಬಂತು. ಮಂದಾಕಿನಿ ಯಾರಿಗೂ ಹೇಳದೆ ಟಾಕಿಯ ಹತ್ತಿರ ನಿಂತು ಒಂದು ಕಾರು ಕರೆದಳು. 'ಬರುತ್ತಿದೆ' ಎಂದು ಫೋನಿನಲ್ಲಿ ಬಂತು. ಸ್ವಲ್ಪ ಹೊತ್ತಿನ ಮೇಲೆ ಬಿಳಿಯ ಕಾರೊಂದು ಸದ್ದಿಲ್ಲದೆ ತಿರುವು ಸುತ್ತಿ ಬಂದು ಕ್ವಾರ್ಟರ್ಸ್ ಮುಂದೆ ನಿಂತು ಬಾಗಿಲು ತೆರೆಯಿತು. ಜನ ನೋಡುತ್ತ ನಿಂತರು. ಯಾರೂ ಹತ್ತಲಿಲ್ಲ. ಕೊಂಚ ಹೊತ್ತು ಕಾದು, ಬಾಗಿಲು ಮುಚ್ಚಿಕೊಂಡು, ಅದು ಬಂದ ಹಾಗೇ ಇಳಿದು ಹೋಯಿತು.

"ನಾಳೆ ಆಸ್ಪತ್ರೆಗೆ ಅದರಾಗ ಹೋಗಬಹುದು" ಎಂದಳು ಮಂದಾಕಿನಿ.

ಶಮ್ಶಾದ್ ಅಂಗಳದ ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. "ನಾ ಕೊಪ್ಪಳಕ್ಕ ಹೊಂಟೀನಿ ಮಂದಾ. ಅಣ್ಣನ ಮಗಳ ಮನಿಗೆ. ಹೋದ ವಾರನ ಮಾತಾಡೀನಿ, ಹೇಳಲಿಲ್ಲ ನಿನಗ. ಆಸ್ಪತ್ರಿ ಅಲ್ಲೇ ಓಣ್ಯಾಗ ಐತಂತ, ನಡಕೊಂತ ಹೋಗಬಹುದು."

"ದಾರಿ ಆತಲ್ಲ ಈಗ."

"ಆತು. ಮುಂದಿನ ಸಲ ಯಾರರ ಒಂದು ಕಡ್ಡಿ ಇಟ್ರಂದ್ರ ಮತ್ತ ಹೋಗ್ತೈತಿ. ನಿನಗೂ ಗೊತ್ತು ಅದು." ಅವಳು ಗೆಳತಿಯ ಕೈ ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. "ಸಿಟ್ಟಾಗಬ್ಯಾಡ. ನಿನ್ನ ಕೈಲೆ ಉಂಡೀನಿ ಇಷ್ಟು ದಿನ. ಆದ್ರ ನನಗ ಆ ಕ್ಷಮಿಸಿ ಅನ್ನೋ ದನಿ ಮ್ಯಾಲೆ ನಂಬಿಕಿ ಹೋತು."

ಮಂದಾಕಿನಿಗೆ ಸಿಟ್ಟು ಬರಲಿಲ್ಲ. ಇಲ್ಲಿ ಕಳೆದ ದಿನಗಳು ಇಷ್ಟು ಬೇಗ ಮುಗಿದವೇ ಎಂದು ಮಾತ್ರ ಅನಿಸಿತು. ಎರಡು ದಿನದ ಮೇಲೆ ಪಾತ್ರೆ, ಹಾಸಿಗೆ, ಪ್ರಯೋಗಾಲಯದ ಕಾಲದ ಒಂದು ಕಬ್ಬಿಣದ ಪೆಟ್ಟಿಗೆ, ಇವನ್ನೆಲ್ಲ ಗಾಡಿಗೆ ತುಂಬಿ ಶಮ್ಶಾದಳನ್ನು ಕೊಪ್ಪಳಕ್ಕೆ ಬಿಟ್ಟಳು. ಓಣಿ ಇಕ್ಕಟ್ಟು, ಮನೆ ತುಂಬ ಮಕ್ಕಳು. ಅಣ್ಣನ ಮಗಳು ಚಹಾ ಕೊಟ್ಟು, ಊಟ ಮಾಡಿಕೊಂಡು ಹೋಗಿರೆಂದು ಒತ್ತಾಯಿಸಿದಳು. ಅಲ್ಲಿ ಭಾನುವಾರದ ಮಾತಿಗೆ ಬಿಡುವಿರುವುದಿಲ್ಲವೆಂದು ಮಂದಾಕಿನಿಗೆ ನೋಡಿದ ಕೂಡಲೇ ತಿಳಿಯಿತು. ತುಮಕೂರಿನವರೆಗೆ ಒಬ್ಬಳೇ ಓಡಿಸಿಕೊಂಡು ಬಂದಳು.

ನಿಶ್ಚಲ ಸುಮ್ಮನೆ ಕೂತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ನಡೆದ ಯೋಜನಾ ಸಭೆಯಲ್ಲಿ ಜಗಳವಾಡಿ ಒಂದು ನಿಯಮ ತಂದ. ಇನ್ನುಮುಂದೆ ಎಲ್ಲ ತಂಡಗಳ ತೂಕ ಕೂಡಿ ಯಾವುದೇ ಊರು ಮಿತಿಯಾಚೆ ಹೋಗುವುದಾದರೆ, ಒಬ್ಬ ಮನುಷ್ಯ ಆ ಊರಿನ ಹೆಸರು ಓದಿ, ತನ್ನ ಹೆಸರು ಹಾಕಿದ ಮೇಲೆಯೇ ಅದನ್ನು ಕೈಬಿಡಬೇಕು. ತಾನಾಗಿ ಯಾವ ಊರೂ ಬಿದ್ದುಹೋಗುವಂತಿಲ್ಲ.

"ನಿಮ್ಮ ಮಾತು ತುಂಬಾ ದಿನ ಕಾಡ್ತು ಮೇಡಂ" ಎಂದ. "ಎಷ್ಟಿದ್ರೆ ಸಾಕು ಅಂದ್ರಲ್ಲ."

"ಒಳ್ಳೇ ಕೆಲಸ ಮಾಡಿದ್ರಿ" ಎಂದಳು ಅವಳು, ಮನಸಾರೆ. "ಆಗಲೇ ಬಿದ್ದುಹೋದ ಊರುಗಳು?"

ಅವನು ಪರದೆ ತೋರಿಸಿದ. ನಕ್ಷೆಯಲ್ಲಿ ಬೀದರಿನಿಂದ ಕೊಳ್ಳೇಗಾಲದವರೆಗೆ ಅಲ್ಲಲ್ಲಿ ಬೂದು ಚುಕ್ಕೆಗಳಿದ್ದವು. "ನಿಯಮ ಮುಂದಿನದಕ್ಕೆ ಮಾತ್ರ. ಹಿಂದಿನವಕ್ಕೆ ಯಾರಾದ್ರೂ ಹೋಗಿ ಬರಬೇಕು. ಅದಕ್ಕೆ ತಂಡ ಇಲ್ಲ. ಕೇಳಿದೆ, ಕೊಡಲಿಲ್ಲ."

ಆ ಚುಕ್ಕೆಗಳಲ್ಲಿ ಯಾವುದರಲ್ಲೂ ಮಂದಾಕಿನಿಗೆ ಗುರುತಿನವರು ಯಾರೂ ಇರಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಶೆಡ್ಡಿನ ಗಾಡಿಯನ್ನು ಮತ್ತೆ ಕೇಳಿದಳು. ನಿಶ್ಚಲ ಈ ಸಲ ತಾನೇ ಹೋಗಿ ಟೈರುಗಳಿಗೆ ಗಾಳಿ ಹಾಕಿಸಿಕೊಂಡು ಬಂದ.

ಚಳಿ ಶುರುವಾಗುವ ಕಾಲಕ್ಕೆ ಅವಳು ಕೃಷ್ಣಾ ನದಿಯ ದಂಡೆಯಲ್ಲಿ, ಸುರಪುರದಿಂದಾಚೆ, ಕೊಳ್ಳದಹಾಳ ಎಂಬ ಹಳ್ಳಿಗೆ ಹೋದಳು. ಮರಳಿನಲ್ಲಿ ಚಕ್ರ ಹೂತು, ಇಳಿದು, ಕಲ್ಲು ಕೊಟ್ಟು, ಮತ್ತೆ ಹತ್ತಿ ಊರ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದಾಗ ಮಧ್ಯಾಹ್ನ ಕಳೆದಿತ್ತು. ಮೊದಲ ಮನೆಯ ಅಂಗಳದಲ್ಲಿ ತೊಗರಿ ಕೇರುತ್ತಿದ್ದ ಒಬ್ಬ ಹೆಂಗಸು ಮೊರ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಅವಳನ್ನೇ ನೋಡಿದಳು.

"ಯಾರ ಮನಿಗಿ ಬಂದ್ರಿ?"

"ಯಾರ ಮನಿಗೂ ಅಲ್ಲವ್ವ. ಇಲ್ಲಿಗೆ ದಾರಿ ಐತೇನು ಅಂತ ನೋಡಾಕ ಬಂದೀನಿ."

ಹೆಂಗಸು ಅವಳ ಹಿಂದೆ ಇದ್ದ ಗಾಡಿಯನ್ನೂ, ಮರಳಿನಲ್ಲಿ ಮೂಡಿದ್ದ ಜೋಡಿ ಗಾಲಿಯ ಗುರುತನ್ನೂ ನೋಡಿದಳು.

"ಬಂದೀರಲ್ಲ, ಐತಿ ಅಂದಂಗಾತು" ಎಂದಳು. "ಒಳಗ ಬರ್ರಿ. ರೊಟ್ಟಿ ಉಂಡು ಹೋಗೀರಂತ."